ಬೆಟ್ಟದಲ್ಲಿ ಉಳಿದವರ ಬಟ್ಟೆ

ಬೆಳಕು ಇನ್ನೂ ಊರಿಗೆ ಇಳಿದಿಲ್ಲ. ರನ್ರಪಾಲ್ಕಾ ಬೆಟ್ಟದ ಹಿಮದ ನೆತ್ತಿಯ ಮೇಲೆ ಮಾತ್ರ ಒಂದು ಚಿಟಿಕೆ ಕೆಂಪು ಬಿದ್ದಿದೆ. ಕೆಳಗೆ ಕಿಲ್ಕಾಯ್ ಹೊಳೆಯಲ್ಲಿ ಮೆಲ್ಚೋರಾ ಕೊಚಾಚಿನ್ ಮೊಣಕಾಲುದ್ದ ನೀರಿಗಿಳಿದು, ಗರಿ ತುಂಬಿದ ಹಳದಿ ಜಾಕೆಟ್ಟೊಂದನ್ನು ಎರಡೂ ಅಂಗೈಯಿಂದ ಮೆಲ್ಲಗೆ ಅದುಮುತ್ತಿದ್ದಾರೆ. ಎಳೆಕೂಸಿಗೆ ನೀರು ಹಾಕುವವರ ಕೈ ಹಾಗಿರುತ್ತದೆ. ನೊರೆ ಬಿಡಿಸಿಕೊಂಡು ಸಣ್ಣ ಮೋಡಗಳಂತೆ ಸೇತುವೆಯ ಕಡೆ ತೇಲಿಹೋಗುತ್ತದೆ.

ಸೇತುವೆಯ ಮೇಲೆ ವ್ಯಾನೊಂದು ನಿಲ್ಲುತ್ತದೆ. ಒಳಗೆ ಹಗ್ಗದ ಸುರುಳಿಗಳು, ಹಿಮಗೊಡಲಿಗಳು, ಅರೆನಿದ್ದೆಯಲ್ಲಿರುವ ಬೆಟ್ಟದ ಹುಡುಗರು. ಒಬ್ಬ ಕಿಟಕಿಯಿಂದ ತಲೆ ಹೊರಹಾಕುತ್ತಾನೆ.

“ಅವ್ವಾ, ನಂದು ಇನ್ನೂ ಕೊಳೆ ಆಗಿಲ್ಲಾ!”

“ಆಗಿದೆ ಕಣೋ, ನಾತ ಇಲ್ಲೀತನಕ ಹೊಡೀತಿದೆ! ಹೆಂಡತಿ ಕೈಲಿ ಒಗೆಸ್ಕೋ ಹೋಗು. ನನ್ನ ಹತ್ರ ಮಾತ್ರ ತರಬೇಡ!”

ವ್ಯಾನಿನ ತುಂಬ ನಗು. ನಗುತ್ತಲೇ ಎಲ್ಲರೂ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ಬೆಟ್ಟ ಹತ್ತುವ ಹಂಗಾಮಿನಲ್ಲಿ ಈ ತಮಾಷೆ ದಿನವೂ ಇದ್ದದ್ದೇ. ಯಾಕೆಂದರೆ ನಮ್ಮ ಊರು ವಾರಾಸ್‌ನಲ್ಲಿ ಮೆಲ್ಚೋರಾ ಒಗೆಯುವುದು ಬೆಟ್ಟ ಹತ್ತಿ ಕೆಳಗೆ ಬಾರದವರ ಬಟ್ಟೆಯನ್ನು ಮಾತ್ರ.

ಸತ್ತವರು ಐದು ದಿನ ಎಲ್ಲಿಗೂ ಹೋಗುವುದಿಲ್ಲ. ಬದುಕಿದ್ದಾಗ ನಡೆದ ದಾರಿಗಳಲ್ಲೆಲ್ಲ ತಿರುಗಿ ತಮ್ಮ ಹೆಜ್ಜೆಗಳನ್ನು ಒಂದೊಂದಾಗಿ ಹೆಕ್ಕಿಕೊಳ್ಳುತ್ತಾರೆ. ಐದನೆಯ ದಿನ ಅವರ ಬಟ್ಟೆ ಹೊಳೆಗೆ ಬೀಳಬೇಕು. ಮೈಬೆವರು ನೀರಿನಲ್ಲಿ ಹರಿದುಹೋದರೆ ಆಮೇಲೆ ಅವರಿಗೆ ಈ ಕಡೆ ಕೆಲಸವಿಲ್ಲ. ಒಗೆಯುವವರು ಮಾತ್ರ ರಕ್ತಸಂಬಂಧಿಗಳಾಗಿರಬಾರದು. ಹೆತ್ತವರ ಕೈ ಬಟ್ಟೆಯನ್ನು ಬಿಟ್ಟುಕೊಡುವುದಿಲ್ಲ ಎನ್ನುತ್ತಾರೆ. ಹಾಸಿಗೆಯಲ್ಲಿ ಸತ್ತವರಿಗೆ ಮೂರಡಿ ಮಣ್ಣಾದರೂ ಸಿಗುತ್ತದೆ. ಹಿಮದ ಬಿರುಕಿಗೆ ಬಿದ್ದವರಿಗೆ ಈ ಒಗೆತವೇ ಮಣ್ಣು.

“ಮೈಯನ್ನ ಬೆಟ್ಟ ಇಟ್ಕೊಳ್ಳುತ್ತೆ, ಬಟ್ಟೇನ ನನಗೆ ಕಳಿಸುತ್ತೆ,” ಎನ್ನುತ್ತಾರೆ ಮೆಲ್ಚೋರಾ. “ಈ ಹಳದಿ ಜಾಕೆಟ್ಟಿನ ಹುಡುಗಿ ಯಾವ ದೇಶದವಳೋ, ಹೆಸರು ನನ್ನ ಬಾಯಿಗೆ ಬರಲ್ಲ. ಕುತ್ತಿಗೆಪಟ್ಟೀಲಿ ಉದ್ದ ಕೂದಲಿತ್ತು. ಬಿಡಿಸಿ ನೀರಿಗೆ ಬಿಟ್ಟೆ.”

ಇವತ್ತು ದಂಡೆಯ ಕಲ್ಲಿನ ಮೇಲೆ ಇನ್ನೊಂದು ಗಂಟಿದೆ, ಕೆಂಪು ಶಾಲಿನಲ್ಲಿ ಬಿಗಿಯಾಗಿ ಕಟ್ಟಿದ್ದು. ಒಳಗಿರುವ ನೀಲಿ ಜಾಕೆಟ್ಟು ಅವರ ಮಗ ತೆಯೋಫಾನೆಸ್‌ನದು. ಅದನ್ನು ಅವರು ಒಗೆಯುವಂತಿಲ್ಲ. ಒಂದು ವರ್ಷದಿಂದ ಬೇರೆ ಯಾರಿಗೂ ಒಗೆಯಲು ಕೊಟ್ಟಿಲ್ಲ.

ಗಂಡ ತೀರಿಕೊಂಡ ಮೇಲೆ ಮೆಲ್ಚೋರಾ ಬೆಟ್ಟ ಹತ್ತುವವರ ಡೇರೆಗಳಲ್ಲಿ ಅಡುಗೆಗೆ ನಿಂತವರು. ಒಂದು ಸಲ ಪರದೇಶದವನೊಬ್ಬ ಮೇಲೇ ಉಳಿದುಹೋದ. ಅವನ ಗೆಳೆಯರು ಅಳುತ್ತಲೇ ಡೇರೆ ಮಡಚಿ ಹೊರಟರು, ಬಟ್ಟೆಯ ಚೀಲ ಅಡುಗೆಯವಳ ಪಾಲಿಗೆ ಬಂತು. ಐದನೆಯ ದಿನ ಬಂದಾಗ ಇವರಿಗೆ ಕೈಕಟ್ಟಿ ಕೂರಲು ಆಗಲಿಲ್ಲ. ಪಾಪ, ಅವನಿಗೆ ಇಲ್ಲಿ ಯಾರಿದ್ದಾರೆ?

“ನನ್ನ ಉಣ್ಣೆ ಲಂಗ ಹಿಂಡೋ ಹಾಗೆ ಅವನ ಜಾಕೆಟ್ಟನ್ನೂ ಹಿಂಡಿಬಿಟ್ಟೆ. ಗರಿಯೆಲ್ಲ ಮುದ್ದೆ ಕಟ್ಟಿ, ಮಳೇಲಿ ನೆಂದ ಕೋಳಿ ಹಾಗಾಯ್ತು. ಇದನ್ನ ಹಾಕ್ಕೊಂಡು ಅಷ್ಟು ದೂರ ಚಳೀಲಿ ಹೆಂಗೆ ಹೋಗ್ತಾನಪ್ಪಾ ಅಂತ ಕೂತು ಅತ್ತೆ.”

ಆಮೇಲೆ ಕಲಿತರು. ಗರಿಯ ಬಟ್ಟೆಯನ್ನು ಹಿಂಡಬಾರದು, ಬಡಿಯಬಾರದು, ನೀರು ತಾನಾಗಿ ಇಳಿಯುವ ತನಕ ಹುಲ್ಲಿನ ಮೇಲೆ ಮಲಗಿಸಬೇಕು. ಅವರು ಒಗೆದು ಹರವಿದ ಬಟ್ಟೆಗಳನ್ನು ಸೇತುವೆಯಿಂದ ನೋಡಿದರೆ ಯಾರೋ ಕೈಚಾಚಿ ಆಕಾಶ ನೋಡುತ್ತ ನಿದ್ದೆಹೋದಂತೆ ಕಾಣುತ್ತದೆ. ಎಷ್ಟೋ ಸಲ ನಾನು ಅಲ್ಲಿ ಸದ್ದಾಗದಂತೆ ನಡೆದಿದ್ದೇನೆ.

ಹಿಮ ಕರಗಿ ಬರುವ ನೀರಿಗೆ ಅವರ ಬೆರಳ ಗೆಣ್ಣುಗಳು ಊದಿವೆ. ಮನೆಯಲ್ಲಿ ಮಕ್ಕಳ ಸಮವಸ್ತ್ರ ಒಗೆಯುವುದಕ್ಕೇ ಗೊಣಗುವ ನಾನು ಆ ಕೈಗಳನ್ನು ನೋಡಿ ನನ್ನವನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತೇನೆ. ಕೂಲಿ ಅಂತ ಯಾರೂ ಕೊಡುವುದಿಲ್ಲ, ಇವರು ಕೇಳುವುದೂ ಇಲ್ಲ. ಒಂದು ಚೀಲ ಆಲೂಗಡ್ಡೆ, ಅಗಿಯಲು ಒಂದು ಹಿಡಿ ಕೋಕಾ ಎಲೆ, ಒಂದು ಬಾಟಲಿ ಕಬ್ಬಿನ ಸಾರಾಯಿ ಬಂದರೆ ಉಂಟು. ಹೊಟ್ಟೆ ನಡೆಯುವುದು ಸಂತೆಯಲ್ಲಿ ಬೇಯಿಸಿದ ಜೋಳ ಮಾರಿ. ಕೆಟ್ಟ ಹಂಗಾಮಿನಲ್ಲಿ ವಾರಕ್ಕೊಂದು ಗಂಟು ಬರುತ್ತದೆ. ಕೆಲಸವೇ ಇಲ್ಲದ ವರ್ಷವನ್ನು ಅವರು ಒಳ್ಳೆಯ ವರ್ಷ ಎನ್ನುತ್ತಾರೆ.

ಹೋದ ವರ್ಷ ಅಂಥದ್ದಾಗಲಿಲ್ಲ. ತೆಯೋಫಾನೆಸ್ ಬೆಟ್ಟದ ಮಾರ್ಗದರ್ಶಿ. ಜುಲೈನಲ್ಲೊಂದು ದಿನ, ಹಿಂದೆ ಬರುವವರಿಗೆ ದಾರಿ ಗಟ್ಟಿಯಿದೆಯೇ ಎಂದು ನೋಡಲು ಒಬ್ಬನೇ ಮುಂದೆ ಹೋದಾಗ ಹಿಮದ ಇಳಿಜಾರು ಕುಸಿಯಿತು. ಅವನ ಜೊತೆಗಾರ ಅಬ್ದೋನ್ ಯಾನಾಕ್ ಡೇರೆಯಲ್ಲಿ ಉಳಿದಿದ್ದ ಜಾಕೆಟ್ಟನ್ನು ತಂದು ತಾಯಿಯ ಮಡಿಲಿಗೆ ಹಾಕಿದ. ಐದನೆಯ ದಿನ ಊರಿನ ಮಾರ್ಗದರ್ಶಿಗಳೆಲ್ಲ ಬಾಗಿಲಲ್ಲಿ ನಿಂತರು. ನಾವು ಒಗೆಯುತ್ತೇವೆ ಕೊಡವ್ವಾ ಎಂದರು.

“ನಿಮಗೆ ಬರಲ್ಲ. ಹಿಂಡಿಬಿಡ್ತೀರಿ,” ಎಂದು ಬಾಗಿಲು ಹಾಕಿಕೊಂಡರು ಮೆಲ್ಚೋರಾ.

ಅದು ನೆಪ ಎಂದು ಎಲ್ಲರಿಗೂ ಗೊತ್ತಿತ್ತು. ಜಾಕೆಟ್ಟಿನಲ್ಲಿ ಇನ್ನೂ ಬೆವರು, ಹೊಗೆ, ಸೀಮೆಎಣ್ಣೆಯ ವಾಸನೆ ಇತ್ತು. ಅವರು ಅದನ್ನು ತಲೆದಿಂಬು ಮಾಡಿಕೊಂಡು ಮಲಗತೊಡಗಿದರು.

“ಈ ಸಲ ಮಂಜು ಗಟ್ಟಿಯಾಗಿ ಬಿದ್ದ ದಿನ ಕನಸಲ್ಲಿ ಬಂದ. ಬರೀ ಅಂಗೀಲಿ ನಿಂತಿದ್ದ. ‘ಅವ್ವಾ, ಒಂಚೂರು ತಲೆ ಎತ್ತು, ಜಾಕೆಟ್ಟು ತಗೋತೀನಿ’ ಅಂದ. ನಾನು ಎತ್ತಲಿಲ್ಲ.” ಕೆಂಪು ಶಾಲಿನ ಗಂಟನ್ನು ಬಿಚ್ಚತೊಡಗುತ್ತಾರೆ. “ಎದ್ದವಳೇ ಅಬ್ದೋನನ ಮನೆಗೆ ಹೋದೆ.”

ಬಿಸಿಲು ಹೊಳೆಗೆ ಬಂದಾಗ ಅಬ್ದೋನ್ ಮೂವರ ಜೊತೆ ಬರುತ್ತಾನೆ. ಮಂಜುಗಡ್ಡೆಯ ಗೋಡೆಗೆ ಮೊಳೆ ಹೊಡೆದು ನೇತಾಡುವ ಗಂಡಸರು, ಪ್ಯಾಂಟು ಮಡಚಿ ನೀರಿಗಿಳಿದ ಕೂಡಲೇ ಒಂಟಿಕಾಲಲ್ಲಿ ಕುಣಿಯುತ್ತಾರೆ.

“ಏನ್ರೋ, ಮದುವೆ ಮೆರವಣಿಗೇನಾ?” ಮೆಲ್ಚೋರಾ ಕಲ್ಲಿನ ಮೇಲೆ ಕೂತು, ಕೈಗಳನ್ನು ಶಾಲಿನೊಳಗೆ ಹುದುಗಿಸಿಕೊಂಡಿದ್ದಾರೆ. “ಮೆಲ್ಲಗೆ ಅದುಮು. ಅದು ಜಾಕೆಟ್ಟು, ಹೇಸರಗತ್ತೆ ಅಲ್ಲ.”

ಅಬ್ದೋನ್ ಜಾಕೆಟ್ಟಿನ ಜೇಬಿಗೆ ಕೈಹಾಕಿ ನಿಲ್ಲುತ್ತಾನೆ. “ಅವ್ವಾ... ಹುರಿದ ಜೋಳ ಇದೆ.”

“ನಾನೇ ಹಾಕಿದ್ದು. ತಿಂದೆ ಅಂತ ಹೇಳ್ತಿದ್ದ, ಕಳ್ಳ.”

ಅಬ್ದೋನ್ ಜೋಳವನ್ನು ನೀರಿಗೆ ಬಿಡುತ್ತಾನೆ. ಮುಖ ಆ ಕಡೆ ತಿರುಗಿಸಿಕೊಳ್ಳುತ್ತಾನೆ. ಅವನ ಕೈಗಳು ಮಾತ್ರ ಜಾಕೆಟ್ಟಿನ ಎರಡು ತುದಿ ಹಿಡಿದು, ಹಗ್ಗ ತಿರುಚಿದಂತೆ ತಿರುಚುತ್ತವೆ. ನೀರು ದಬದಬ ಸುರಿಯುತ್ತದೆ. ಉಳಿದ ಮೂವರೂ ಮೆಲ್ಚೋರಾ ಕಡೆ ತಿರುಗುತ್ತಾರೆ.

“ಹಿಂಡಿದೆಯಾ?”

“ಹಿಂಡಿಬಿಟ್ಟೆ ಅವ್ವಾ.”

ಮೆಲ್ಚೋರಾ ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿಯುತ್ತಾರೆ. ಭುಜ ಕುಲುಕುತ್ತದೆ. ಅಳುತ್ತಿದ್ದಾರೆ ಎಂದುಕೊಳ್ಳುತ್ತೇವೆ. ಟೋಪಿ ಇಳಿದಾಗ ಕಣ್ಣಲ್ಲಿ ನೀರಿದೆ, ಬಾಯಲ್ಲಿ ನಗುವಿದೆ. “ನಾನೂ ಹೀಗೇ ಶುರು ಮಾಡಿದ್ದು ಕಣೋ. ಹರವು ಹುಲ್ಲಿನ ಮೇಲೆ. ಒಗೆಯೋದು ನಿಮ್ಮದು. ಒಣಗಿದ ಮೇಲೆ ಮುಟ್ಟಬಾರದು ಅಂತ ನನಗೆ ಯಾರೂ ಹೇಳಿಲ್ಲ.”

ಗರಿ ಒಣಗಲು ಎರಡು ಮೂರು ಬಿಸಿಲು ಬೇಕು. ಮತ್ತೆ ನಾನು ಹೋದಾಗ ಅವರು ಅದೇ ದಂಡೆಯಲ್ಲಿ ಕೂತು, ಜಾಕೆಟ್ಟನ್ನು ತೊಡೆಯ ಮೇಲೆ ಹಾಕಿಕೊಂಡು ಮುದ್ದೆಗಳನ್ನು ಊದಿದ ಬೆರಳುಗಳಿಂದ ಬಿಡಿಸುತ್ತಿದ್ದಾರೆ. ಎದೆಯ ಭಾಗ ಬಿಡಿಸುತ್ತಾರೆ, ಅದು ಉಬ್ಬುತ್ತದೆ. ತೋಳು ಬಿಡಿಸುತ್ತಾರೆ, ಅದೂ ಉಬ್ಬುತ್ತದೆ. ಗಾಳಿಗೆ ನೀಲಿ ಬಟ್ಟೆ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಸಂಜೆಯ ಹೊತ್ತಿಗೆ ಪೂರ್ತಿ ತುಂಬಿಕೊಂಡ ಜಾಕೆಟ್ಟನ್ನು ಎತ್ತಿ ಅವರು ಅದರೊಳಗೆ ಮುಖ ಇಡುತ್ತಾರೆ.

“ಏನವ್ವಾ?” ಪಕ್ಕದಲ್ಲಿ ಕೂತ ಅಬ್ದೋನ್ ಮೆಲ್ಲಗೆ ಕೇಳುತ್ತಾನೆ.

“ಸೋಪು. ಬಿಸಿಲು.” ಮತ್ತೊಮ್ಮೆ ಮೂಸುತ್ತಾರೆ. “ಅವನಿಲ್ಲ. ಬೆಚ್ಚಗೆ ಹೋದ.”

ಜಾಕೆಟ್ಟನ್ನು ಮಡಚಿ, ಚಳಿಗಾಲಕ್ಕೆ ಏನೂ ಇಲ್ಲದ ಒಬ್ಬ ಹೊರೆಯಾಳಿಗೆ ಕೊಡು ಎಂದು ಅಬ್ದೋನನ ಕೈಗಿಡುತ್ತಾರೆ. ಗೋಧಿನುಚ್ಚಿನ ಸಾರಿನ ಪಾತ್ರೆ ಸುತ್ತು ಬರುತ್ತದೆ. ಒಗೆಯಲು ಬಂದಿದ್ದ ನಾಲ್ವರೂ ಇದ್ದಾರೆ, ನಾಳೆ ನಸುಕಿಗೇ ಮತ್ತೆ ಬೆಟ್ಟಕ್ಕೆ ಹೊರಡುವವರು. ನಿಮಗೇನಾದರೂ ಆಸೆ ಇದೆಯೇ ಎಂದು ಮೆಲ್ಚೋರಾ ಅವರನ್ನು ಕೇಳುತ್ತೇನೆ.

“ನನ್ನ ಬಟ್ಟೇನೂ ಇವರೇ ಒಗೀಲಿ. ನನಗೆ ಇನ್ಯಾರಿದ್ದಾರೆ?”

“ಹಿಂಡಿಬಿಡ್ತೀವಲ್ಲ ಅವ್ವಾ!” ಎನ್ನುತ್ತಾನೆ ಅಬ್ದೋನ್.

“ಹಿಂಡಲೇಬೇಕು ಕಣೋ, ಅದು ಉಣ್ಣೆ ಲಂಗ. ನೀರು ಕುಡಿದರೆ ಒಬ್ಬನ ಕೈಲಿ ಆಗಲ್ಲ. ಆ ತುದಿಗೊಬ್ಬ, ಈ ತುದಿಗೊಬ್ಬ ಹಿಡೀಬೇಕು.” ಒಬ್ಬೊಬ್ಬರ ಮುಖವನ್ನೂ ನೋಡಿ ಸಾರು ಬಡಿಸುತ್ತಾರೆ. “ಅದಕ್ಕೇ ಹೇಳೋದು. ಆ ಹೊತ್ತಿಗೆ ಇಬ್ಬರಾದರೂ ಬೆಟ್ಟ ಇಳಿದು ಬಂದಿರ್ರೋ.”