ಮೈಮೂನಕ್ಕ ಕಲಿತ ‘ಜಾಂಗ್’

ಮೊನ್ನೆ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಆಫೀಸಿನ ಲಿಫ್ಟಿನಲ್ಲಿ ಒಬ್ಬರು ರಟ್ಟಿನ ಪೆಟ್ಟಿಗೆ ಹಿಡಿದು ನಿಂತಿದ್ದರು. ಅದರ ಮೈಮೇಲೆಲ್ಲ ಚೀನೀ ಅಕ್ಷರ. ಅಷ್ಟೂ ಅಕ್ಷರಗಳಲ್ಲಿ ನನಗೆ ಗುರುತು ಸಿಕ್ಕಿದ್ದು ಒಂದೇ ಒಂದು. ಅದನ್ನು ಕಂಡದ್ದೇ ಅಲ್ ಕುಸೈಸ್‌ನ ಮೈಮೂನಕ್ಕ ನೆನಪಾದರು.

ಆ ಅಕ್ಷರದ ಚೇಷ್ಟೆ ನಿಮಗೆ ಹೇಳಬೇಕು. ‘ಛಾಂಗ್’ ಎಂದರೆ ಉದ್ದ. ಅದನ್ನೇ ‘ಜಾಂಗ್’ ಎಂದು ಓದಿದರೆ ಬೆಳೆಯುವುದು. ಮುಖ್ಯಸ್ಥ ಎಂದೂ ಆಗುತ್ತದೆ. ಪಕ್ಕದಲ್ಲಿ ಯಾವ ಅಕ್ಷರ ಕೂತಿದೆ ಎಂದು ನೋಡಿ ಓದಬೇಕು.

ನಾಲ್ಕು ವರ್ಷದ ಹಿಂದೆ ನಾವಿಬ್ಬರೂ ಶನಿವಾರದ ಚೀನೀ ಕ್ಲಾಸಿಗೆ ಸೇರಿದ್ದೆವು. ನನಗೆ ಬಡ್ತಿಯ ಆಸೆ. ನಮ್ಮ ಮನೆಯ ಕೆಳಗಿನ ಮಹಡಿಯ ಮೈಮೂನಕ್ಕನದು ಬೇರೆ ಕಥೆ. ಉಳ್ಳಾಲದಿಂದ ಗಲ್ಫಿಗೆ ಬಂದು ದೀಪದ ಅಂಗಡಿ ಇಟ್ಟಿದ್ದ ಗಂಡ ಇಬ್ರಾಹಿಂ ಅವರಿಗೆ ಪಾರ್ಶ್ವವಾಯು ಬಡಿದು ಮಾತು ನಿಂತಿತ್ತು. ಚೀನಾದ ಕಾರ್ಖಾನೆಯವರ ಜೊತೆ ಅವರ ಭಾಷೆಯಲ್ಲೇ ಮಾತಾಡುತ್ತಿದ್ದವರು ಅವರೊಬ್ಬರೇ. ಅಂಗಡಿ ಮಾರಿ ಎಂದು ಮೈದುನ ಹೇಳಿದಾಗ, “ಖಲಾಸ್ ಅಂತ ಹೇಳುವುದಿದ್ರೆ ನಾನು ಹೇಳ್ತೇನೆ” ಎಂದು ಮೈಮೂನಕ್ಕ ನೋಟ್‌ಬುಕ್ ಕೊಂಡರು. ಅವರಿಗಾಗ ಐವತ್ತೆರಡು.

‘ಛಾಂಗ್-ಜಾಂಗ್’ ಪಾಠದ ದಿನ ನಾನು ಸಿಡುಕಿದೆ. “ಇದೇನು ಅನ್ಯಾಯ! ಕನ್ನಡದಲ್ಲಿ ಬರೆದ ಹಾಗೇ ಓದ್ತೀವಪ್ಪ.”

“ಎಂತ ಅನ್ಯಾಯ ಮಾರಾಯ್ರೆ? ‘ಹತ್ತು’ ಅಂದ್ರೆ ನಂಬ್ರವಾ, ಮೆಟ್ಟಿಲು ಹತ್ತುವುದಾ? ಅದನ್ನು ಯಾರ ಹತ್ರ ಕೇಳಿ ಕಲ್ತದ್ದು ನೀವು?” ಎಂದರು ಮೈಮೂನಕ್ಕ.

ತಿಂಗಳಾಗುವಷ್ಟರಲ್ಲಿ, ಆಫೀಸಿನ ಕೆಲಸದ ನೆಪ ಹೇಳಿ ಕ್ಲಾಸನ್ನೇ ಬಿಟ್ಟೆ. ಕಲಿತ ಅಕ್ಷರಗಳಿಗಿಂತ ಕೊಂಡ ಬಣ್ಣದ ಪೆನ್ನುಗಳೇ ಹೆಚ್ಚಿದ್ದವು.

ಮೈಮೂನಕ್ಕ ಬಿಡಲಿಲ್ಲ. ಕಾರ್ಖಾನೆಗೆ ಮೊದಲ ಸಲ ಫೋನ್ ಮಾಡಿ, “ನಾನು ಅಂಗಡಿಯ ಮುಖ್ಯಸ್ಥೆ” ಎನ್ನಲು ‘ದ್ಯೆನ್ ಜಾಂಗ್’ ಎನ್ನಬೇಕಿತ್ತು. ‘ದ್ಯೆನ್ ಛಾಂಗ್’, ಅಂದರೆ ಅಂಗಡಿ ಉದ್ದ, ಎಂದುಬಿಟ್ಟರು. ಆಚೆಯ ಹೆಂಗಸು ನಕ್ಕು, ಯಜಮಾನರಿಗೆ ಫೋನ್ ಕೊಡಿ ಎಂದಳಂತೆ. ಕೊಡುವುದು ಯಾರಿಗೆ?

ಮಾರನೆಯ ವಾರ ನಾನು ಅವರ ಮನೆಗೆ ಹೋದಾಗ ಇಬ್ರಾಹಿಂ ಗಾಲಿಕುರ್ಚಿಯಲ್ಲಿದ್ದರು. ಎದುರು ಕೂತ ಮೈಮೂನಕ್ಕ ಅದೊಂದೇ ಪದ ಹೇಳುತ್ತಿದ್ದರು. ತಪ್ಪಿದರೆ ಇಬ್ರಾಹಿಂ ಅವರ ಎಡಗೈ ಬೆರಳು ಅಲ್ಲಾಡುತ್ತಿತ್ತು. ಮತ್ತೆ ಹೇಳು. ಮತ್ತೆ. ನಾಲಿಗೆ ಕಟ್ಟಿದ ಮನುಷ್ಯ ಹೆಂಡತಿಯ ನಾಲಿಗೆ ತಿದ್ದುತ್ತಿದ್ದ. ಎಷ್ಟನೆಯ ಸಲವೋ, ಬೆರಳು ಅಲ್ಲಾಡಲಿಲ್ಲ. ಇಬ್ರಾಹಿಂ ಕಣ್ಣಿನಲ್ಲೇ ಫೋನ್ ತೋರಿಸಿದರು.

“ಈಗಲೇ ಮಾಡುವುದಾ?” ಎಂದರು ಮೈಮೂನಕ್ಕ. ಇಬ್ರಾಹಿಂ ಹೌದೆಂದು ತಲೆಯಾಡಿಸಿದರು.

ಮೈಮೂನಕ್ಕ ತಲೆಯ ಮೇಲಿನ ಶಾಲು ಸರಿಮಾಡಿಕೊಂಡು ಫೋನ್ ಹಚ್ಚಿದರು. “ದ್ಯೆನ್ ಜಾಂಗ್” ಎಂದರು, ಗಟ್ಟಿಯಾಗಿ. ಆಚೆಯಿಂದ ಆ ಹೆಂಗಸು ನಿಧಾನವಾಗಿ, ಬಿಡಿಸಿ ಬಿಡಿಸಿ, ಯಾವ ದೀಪ, ಎಷ್ಟು ಬೇಕು ಎಂದು ಕೇಳತೊಡಗಿದಳು. ಇಬ್ರಾಹಿಂ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿತ್ತು.

ಫೋನಿಟ್ಟ ಮೈಮೂನಕ್ಕ ನನ್ನನ್ನು ಕೇಳಿದರು. “ನೀವು ಯಾಕೆ ಬಿಟ್ಟದ್ದು?”

“ಟೈಮೇ ಇಲ್ಲ ಅಕ್ಕ” ಎಂದೆ. ಅವರು ನನಗೆ ಚಹಾ ತರಲು ಎದ್ದರು. ಬೈದಿದ್ದರೆ ಅಂದೇ ಮರೆಯುತ್ತಿದ್ದೆನೇನೋ.

ಮೊನ್ನೆ ಲಿಫ್ಟಿನಿಂದ ಇಳಿದವಳು ನೇರ ಸೀಟಿಗೆ ಹೋಗಿ ಮತ್ತೆ ಕ್ಲಾಸಿಗೆ ಹೆಸರು ಕೊಟ್ಟೆ. ನಿನ್ನೆ ಮೊದಲ ಪಾಠ. ಸುತ್ತ ನನ್ನ ಅರ್ಧ ವಯಸ್ಸಿನವರು. ಟೀಚರ್ ಎಬ್ಬಿಸಿ ಓದಿಸಿದರು. ಮೊದಲ ಸಾಲಿನಲ್ಲೇ ಎಡವಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪರವಾಗಿಲ್ಲ, ಕೂತುಕೊಳ್ಳಿ ಎಂದರು ಟೀಚರ್.

ನಾನು ಕೂರಲಿಲ್ಲ. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಆ ಸಾಲನ್ನು ಮೊದಲಿಂದ ಓದಿದೆ.