ಒಂದೇ ಕಾಗದದಲ್ಲಿದ್ದ ಅಡ್ಡಹೆಸರು

ನಾಸಿಕ್ ರೋಡಿನಲ್ಲಿ ಫ್ಲ್ಯಾಟ್ ಕೊಂಡಾಗ, ಅಡ್ಡಹೆಸರು, ಅಂದರೆ ಸರ್‌ನೇಮ್, ಬರೆಯಲೇಬೇಕೆಂದು ನೋಂದಣಿ ಕಚೇರಿಯ ಗುಮಾಸ್ತ ಹಟ ಹಿಡಿದ. ನಮ್ಮ ಕರಾವಳಿಯ ಮನೆಯಲ್ಲಿ ಯಾರಿಗೂ ಅಡ್ಡಹೆಸರಿಲ್ಲ. ನನ್ನ ಹೋಟೆಲ್ ಕೆಲಸಕ್ಕೆ ಹೊತ್ತಾಗುತ್ತಿತ್ತು, ಊರಿನ ಹೆಸರನ್ನೇ ಬರೆದುಕೊಟ್ಟೆ. ಅದನ್ನು ಬೇರೆಲ್ಲೂ ಬಳಸಲಿಲ್ಲ.

ತಿಂಗಳೊಳಗೆ ವಿಮೆಯವರು, ಪರದೆ ಮಾರುವವರು ಎಲ್ಲ ಫೋನಿನಲ್ಲಿ ನನ್ನನ್ನು ಊರಿನ ಹೆಸರಿನಿಂದ ಕರೆಯತೊಡಗಿದರು.

"ಇದು ಆ ಕಚೇರಿಯಿಂದಲೇ ಹೋದದ್ದು ಮಾರಾಯ್ರೆ, ಬಿಡಬೇಡಿ," ಎಂದಳು ಹೆಂಡತಿ.

ಮರುದಿನವೇ ಹೋಗಿ ಕೇಳಿದೆ.

"ಸಾರ್ವಜನಿಕ ದಾಖಲೆ. ದುಡ್ಡು ಕಟ್ಟಿದವರಿಗೆ ರಾಶಿಗಟ್ಟಲೆ ಕೊಡುತ್ತೇವೆ," ಎಂದ ಗುಮಾಸ್ತ ಮರಾಠಿಯಲ್ಲಿ.

"ಹಾಗಾದರೆ ಆ ದಾಖಲೆ ಕೊಂಡವರ ಪಟ್ಟಿ ಕೊಡಿ."

"ಅದು ಖಾಸಗಿ."

ಅಲ್ಲೇ ಬೆಂಚಿನ ಮೇಲೆ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆ. ಈ ಸಲ ಅಡ್ಡಹೆಸರಿನ ಜಾಗದಲ್ಲಿ ಹೆಂಡತಿಯ ಊರಿನ ಹೆಸರು ಹಾಕಿದೆ. ಇದನ್ನೂ ಮಾರಿದರೆ ನನಗೆ ಗೊತ್ತಾಗಬೇಕಲ್ಲ!