ಹೊಳೆಗೆ ಹೊಂದುವ ಲೆಕ್ಕ

ಎಂಬತ್ತರ ದಶಕದ ಮೊದಲಲ್ಲಿ ನಂಜನಗೂಡಿನ ನಮ್ಮ ಮನೆಯ ಊಟದ ಮೇಜಿನ ತುಂಬ ಕಂಪ್ಯೂಟರಿಗೆ ಅಂಕಿ ಉಣಿಸುವ, ತೂತು ಹೊಡೆದ ಕಾರ್ಡುಗಳು. ನಮ್ಮ ಯಜಮಾನರು ಮೈಸೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರು. ಅಲ್ಲಿಯ ಕಂಪ್ಯೂಟರಿಗೆ ಎಲ್ಲರೂ ಬಳಸುವ ಪ್ರೋಗ್ರಾಮುಗಳ ಒಂದು ಸಂಗ್ರಹವಿತ್ತು, ಲೈಬ್ರರಿ ಎನ್ನುತ್ತಿದ್ದರು. ಯಾವ ಅಳತೆ ಎಷ್ಟು ಸಲ ಬರಬಹುದೆಂದು ಹೇಳುವ ಸೂತ್ರಕ್ಕೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು; ಅದರಲ್ಲಿ ಗಂಟೆಯಾಕಾರದ್ದು ಇತ್ತು, ಇನ್ನೊಂದೆರಡು ಇದ್ದವು. "ಇವೆಲ್ಲ ಹುಡುಗರ ಮಾರ್ಕ್ಸಿಗೆ ಸರಿ, ಹೊಳೆಗಲ್ಲ" ಎಂದು ಇವರು ವರ್ಷದ ಅತಿ ದೊಡ್ಡ ಪ್ರವಾಹಕ್ಕೆ ಹೊಂದುವ ಹೊಸದೊಂದನ್ನು ಸೇರಿಸಿದರು. ಪರೀಕ್ಷೆಗೆ ಹಾಕಿದ್ದು ತಿ. ನರಸೀಪುರದ ಹೊಳೆಯ ಹಳೆಯ ನೀರಿನ ಮಟ್ಟಗಳನ್ನು.

ಅದೇ ವೇಳೆಗೆ ನಾದಿನಿ ನರಸೀಪುರದಲ್ಲಿ ಹೊಳೆಯ ಕಡೆಗೆ ಮನೆ ಕಟ್ಟಿಸುತ್ತಿದ್ದಳು.

"ಅಣ್ಣ, ತಳಪಾಯ ಎಷ್ಟು ಎತ್ತರ ಹಾಕಿಸ್ಲಿ? ನಿನ್ನ ಮೆಷೀನ್ ಕೇಳಿ ಹೇಳು."

ಇವರು ಕೇಳಿ ಹೇಳಿದರು.

ಆ ಮನೆಗೆ ತಾರಸಿ ಹಾಕಿಸಿದ ಮೇಲೆ, ಅದೇ ಮಟ್ಟಗಳನ್ನಿಟ್ಟುಕೊಂಡು ಇನ್ನೊಂದು ಡಿಸ್ಟ್ರಿಬ್ಯೂಷನ್ ಸೇರಿಸಲು ಕೂತರು. ಕಾರ್ಡು ತಾಳೆ ನೋಡುವಾಗ ಅಂಕಿಗಳನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ಒಂದೊಂದನ್ನೂ ಬಿಡಿಸಿ ಓದುತ್ತಿದ್ದೆ.

"ರೀ, ದೊಡ್ಡ ನೀರು ಬಂದ ವರ್ಷಗಳಿಗೆಲ್ಲ ಒಂದೇ ಅಂಕಿ ಇದೆಯಲ್ಲ?"

ಇವರು ಕಾರ್ಡು ಇಸಕೊಂಡು ನೋಡಿದರು.

"ಹೊಳೇಲಿ ನೆಟ್ಟಿರೋ ಅಳತೆಗಂಬ ಇರೋದೇ ಅಷ್ಟೆತ್ತರ ಕಣೇ. ಅದು ಮುಳುಗಿದ ಮೇಲೆ ನೀರು ಎಷ್ಟು ಏರಿತೋ ಏನೋ. ಕಂಬದ ತುದೀನೇ ಬರ್ದಿದಾರೆ. ನಾನು ಅವಳಿಗೆ ಹೇಳಿದ ತಳಪಾಯ ಸಾಲದು."

ಮರುದಿನವೇ ಬಸ್ಸು ಹತ್ತಿದೆವು. ನಾದಿನಿ ಹೊಸ ಅಡುಗೆಮನೆ ತೋರಿಸಿ ಕಾಫಿ ಕೊಟ್ಟಳು. ಇವರು ಹೇಳಿದ್ದನ್ನೆಲ್ಲ ಕೇಳಿ, "ಈಗ ಮನೆಗೆ ಜಾಕ್ ಹಾಕಿ ಎತ್ತಕ್ಕಾಗತ್ತಾ ಅಣ್ಣ?" ಎಂದು ನಕ್ಕಳು. ಜೊತೆಗೆ ಯಾರೂ ನಗಲಿಲ್ಲ.

"ಮಳೆಗಾಲ ಮುಗಿಯೋವರೆಗೂ ನಮ್ಮಲ್ಲಿಗೆ ಬಂದ್ಬಿಡಿ" ಎಂದೆ.

"ನಮ್ಮತ್ತೆ ಹಾಸಿಗೆ ಹಿಡಿದಿದಾರೆ ಅತ್ತಿಗೆ. ಹೇಗೆ ಕರ್ಕೊಂಡು ಬರ್ಲಿ?"

ಆ ಶ್ರಾವಣದಲ್ಲಿ ಕಬಿನಿ, ಕಾವೇರಿ ಎರಡೂ ಒಟ್ಟಿಗೆ ತುಂಬಿದವು. ನೀರು ಕಿಟಕಿ ಮುಟ್ಟಿತು. ಅವಳ ಅತ್ತೆಯನ್ನು ಕಿತ್ತ ಬಾಗಿಲಿನ ಮೇಲೆ ಮಲಗಿಸಿ ಶಾಲೆಗೆ ಹೊತ್ತೊಯ್ದರು. ಆಕೆ ಥಂಡಿ ತಡೆಯಲಾರದೆ ಅಲ್ಲೇ ತೀರಿಕೊಂಡರು. ನಾವು ಹೋಗುವಷ್ಟರಲ್ಲಿ ಅವರ ಬಿಳಿ ಕೂದಲಲ್ಲಿ ಕೆಸರು ಒಣಗಿತ್ತು. ಬೆರಳಿನಿಂದ ಬಿಡಿಸಿದೆ.

ನಾದಿನಿ ಅಣ್ಣನನ್ನು ಒಂದು ಮಾತೂ ಅನ್ನಲಿಲ್ಲ. ವೈಕುಂಠ ಸಮಾರಾಧನೆಯ ದಿನ ಅದೇ ಮನೆಯಲ್ಲಿ ಎಲೆ ಹಾಕುವಾಗ, ನೀರು ಗೋಡೆಯ ಮೇಲೆ ಬಿಟ್ಟಿದ್ದ ಕೆಂಚು ಗೆರೆಯನ್ನು ಅಳೆಯಲು ಇವರು ಜೇಬಿನಿಂದ ಟೇಪು ತೆಗೆದರು.

"ಬೇಡ ಅಣ್ಣ" ಎಂದಳು. "ಊಟಕ್ಕೆ ಕೂತ್ಕೋ."

ಇವರು ಗೆರೆಗೆ ಬೆನ್ನು ಮಾಡಿ ಕೂತರು.